ಹದಿನೇಳನೆಯ ದಿನ ಬಂದವಳು

ಅಂಗಡಿಯ ಗಾಜಿಗೆ ಆ ನೋಟೀಸನ್ನು ಅಂಟಿಸಿದವನು ನಾನೇ. 'ಬಟ್ಟೆ ರಫು ಮಾಡಲು ಒಬ್ಬರು ಬೇಕಾಗಿದ್ದಾರೆ, ಅನುಭವವಿದ್ದವರು ಒಳಗೆ ಬಂದು ವಿಚಾರಿಸಿ' ಎಂದು ಇಲ್ಲಿಯ ಭಾಷೆಯಲ್ಲಿ ದುಂಡಗೆ ಬರೆದವನೂ ನಾನೇ. ಆ ಕೆಲಸ ಬೇಕಾಗಿದ್ದದ್ದೂ ನನಗೇ. ಇದು ತಮಾಷೆಯಂತೆ ಕಾಣುತ್ತದೆ, ಆದ್ದರಿಂದ ಮೊದಲು ಅದನ್ನು ಬಿಡಿಸಿ ಹೇಳಬೇಕು.

ನಾನು ಈ ದೇಶಕ್ಕೆ ಬಂದದ್ದು ಒಂದು ಹೋಟೆಲಿನ ಬಟ್ಟೆ ಕೋಣೆಯ ಕೆಲಸಕ್ಕೆ. ಹಾಸಿಗೆ ಹೊದಿಕೆ, ಪರದೆ, ನೌಕರರ ಸಮವಸ್ತ್ರ, ಇವುಗಳಲ್ಲಿ ಹರಿದದ್ದನ್ನು, ಸುಟ್ಟದ್ದನ್ನು ಸರಿಮಾಡುವುದು. ಎರಡು ವರ್ಷ ಮಾಡಿದೆ. ಆಮೇಲೆ ಹೋಟೆಲು ಮುಚ್ಚಿತು. ನನ್ನ ಕೆಲಸದ ಪರವಾನಗಿ ಆ ಹೋಟೆಲಿನ ಹೆಸರಿಗೇ ಅಂಟಿಕೊಂಡಿದ್ದರಿಂದ ಅದೂ ಮುಗಿದಂತೆಯೇ. ಇನ್ನೊಬ್ಬ ಮಾಲೀಕರನ್ನು ಹುಡುಕಿಕೊಳ್ಳಲು ತೊಂಬತ್ತು ದಿನ ಕೊಟ್ಟರು. ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಸಿಕ್ಕಿದರೆ, ಹೊಸ ಪರವಾನಗಿಯ ಮೇಲೆ ಒಂದು ವರ್ಷ ಕಳೆದ ನಂತರ ಹೆಂಡತಿಯನ್ನೂ ಮಗಳನ್ನೂ ಕರೆಸಿಕೊಳ್ಳಬಹುದು. ಮಗಳಿಗೆ ಆಗ ಒಂಬತ್ತು ವರ್ಷ. ಎರಡು ವರ್ಷದಿಂದ ಅವಳು ನನ್ನ ಪಾಲಿಗೆ ಫೋನಿನೊಳಗೇ ಬೆಳೆಯುತ್ತಿದ್ದಳು.

ಹೋಟೆಲಿನವರು ಕೊಟ್ಟಿದ್ದ ಕೋಣೆ ಬಿಟ್ಟ ಮೇಲೆ ತಂಗಿಯ ಮನೆಗೆ ಬಂದೆ. ಅವಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಲಗುವ ಕೋಣೆ ಒಂದೇ ಇರುವ ಮನೆ. ಹಾಲಿನ ಸೋಫಾ ನನಗಾಯಿತು. ನಾನು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹೊದಿಕೆ ಮಡಚಿ, ಯಾರೂ ಅಲ್ಲಿ ಮಲಗಿರಲೇ ಇಲ್ಲ ಎನ್ನುವ ಹಾಗೆ ದಿಂಬುಗಳನ್ನು ಜೋಡಿಸಿಡುತ್ತಿದ್ದೆ. ಮೂರನೆಯ ವಾರ ತಂಗಿಯ ಗಂಡ ಒಂದು ಕೆಲಸ ಹುಡುಕಿಕೊಂಡು ಬಂದರು. ಆಫೀಸುಗಳನ್ನು ಗುಡಿಸಿ ಒರೆಸಿಕೊಡುವ ಗುತ್ತಿಗೆದಾರನೊಬ್ಬ, ಕಾಗದಪತ್ರ ಕೇಳುವುದಿಲ್ಲ.

"ಕಳ್ಳನ ಹಾಗೆ ಬದುಕೋಕೆ ನಾನು ಬಂದಿಲ್ಲ," ಎಂದೆ. "ನೆಟ್ಟಗಿರೋ ಕಾಗದ ಸಿಕ್ಕಿದ್ರೆ ಇರ್ತೀನಿ. ಇಲ್ಲಾಂದ್ರೆ ಹೊರಡ್ತೀನಿ."

"ಆಯ್ತು ಬಿಡಿ ಭಾವ," ಎಂದರು ಅವರು. "ನೀವು ಉಸಿರು ಬಿಡೋದಕ್ಕೂ ಕಾನೂನು ಪುಸ್ತಕ ತೆಗೆದು ನೋಡೋರು."

ತಂಗಿ ಅಡುಗೆಮನೆಯಿಂದಲೇ ಕೂಗಿದಳು: "ಚಿಕ್ಕೋನಿದ್ದಾಗಲೂ ಹಾಗೇನೇ ರೀ. ಬೇರೆಯವರ ಪೆನ್ಸಿಲ್ ಸಿಕ್ಕಿದ್ರೆ ಹೆಡ್‌ಮಾಸ್ಟರ ತನಕ ಹೋಗೋನು ಅಣ್ಣಯ್ಯ. ತುಂಡು ಪೆನ್ಸಿಲ್ಲು!"

ಇಬ್ಬರೂ ನಕ್ಕರು. ನಾನೂ ನಕ್ಕೆ. ಒಳಗೊಳಗೆ ಹೆಮ್ಮೆಯೂ ಆಯಿತು. ಆ ಹೆಮ್ಮೆ ನೆನಪಾದರೆ ಈಗ ಕಿವಿ ಬಿಸಿಯಾಗುತ್ತದೆ.

ಲಾಂಡ್ರಿ ಅಂಗಡಿ ಸಿಕ್ಕಿದ್ದು ಅದರ ಮುಂದಿನ ವಾರ. ಯಜಮಾನಮ್ಮ ನಮ್ಮ ಕಡೆಯವರೇ. ನಲವತ್ತು ವರ್ಷದ ಹಿಂದೆ ಮದುವೆಯಾಗಿ ಇಲ್ಲಿಗೆ ಬಂದವರು. ಗಂಡ ಹೋದ ಮೇಲೆ ಅಂಗಡಿಯನ್ನು ಒಬ್ಬರೇ ನಡೆಸುತ್ತಿದ್ದರು. ಒಗೆಯುವುದಕ್ಕೆ ಹಿಂದಿನ ಕೋಣೆಯಲ್ಲಿ ಯಂತ್ರಗಳಿದ್ದವು. ಅಂಗಡಿಗೆ ಹೆಸರು ಬಂದದ್ದು ಮಾತ್ರ ಅವರ ರಫು ಕೆಲಸದಿಂದ: ತೂತಾದ ಜಾಗದಲ್ಲಿ ಅದೇ ಬಟ್ಟೆಯ ನೂಲನ್ನು ಒಳ ಮಡಿಕೆಯಿಂದ ಬಿಡಿಸಿ ತೆಗೆದು, ಸೂಜಿಯಲ್ಲಿ ಮತ್ತೆ ನೇಯ್ದು, ತೂತು ಇತ್ತೆಂದು ಗೊತ್ತಾಗದ ಹಾಗೆ ಮಾಡುವುದು. ಈಗ ಅವರ ಕಣ್ಣಿಗೆ ಪೊರೆ ಬಂದಿತ್ತು. ಕೆಲಸವನ್ನು ಅವರು ಪರೀಕ್ಷಿಸುತ್ತಿದ್ದದ್ದು ಬೆರಳಿನಿಂದ. ಕಣ್ಣು ಮುಚ್ಚಿ, ತೋರುಬೆರಳನ್ನು ಬಟ್ಟೆಯ ಮೇಲೆ ಮೆಲ್ಲಗೆ ಎಳೆಯುವರು. ನೂಲು ಎಲ್ಲಿ ದಪ್ಪವಾಗಿದೆಯೋ ಅಲ್ಲಿ ಬೆರಳು ನಿಲ್ಲುತ್ತಿತ್ತು.

ನನ್ನ ಕೆಲಸದ ಮೇಲೆ ಮೊದಲ ದಿನ ಎರಡು ಸಲ ನಿಂತಿತು.

"ಪರವಾಗಿಲ್ಲ," ಎಂದರು. "ಕಲಿತಿದ್ದೆಲ್ಲಿ?"

"ಹಗಲು ಸಮವಸ್ತ್ರ ಹೊಲಿಯೋ ಫ್ಯಾಕ್ಟರಿ, ಸಂಜೆ ತರಗತಿ. ಹತ್ತನೇ ಕ್ಲಾಸನ್ನೂ ಸಂಜೆಯೇ ಮುಗಿಸಿದ್ದು."

"ಅದಕ್ಕೇ ಅಕ್ಷರ ಇಷ್ಟು ಚೆನ್ನಾಗಿದೆ. ಹೊಲಿಗೆಗಿಂತ ಅಕ್ಷರ ವಾಸಿ ಮೇಷ್ಟ್ರೇ!" ಎಂದು ನಕ್ಕರು. ಅಂದಿನಿಂದ ನಾನು ಅವರಿಗೆ ಮೇಷ್ಟ್ರು.

ನನ್ನನ್ನು ಇಟ್ಟುಕೊಳ್ಳಲು ಅವರಿಗೆ ಮನಸ್ಸಿತ್ತು. ಆದರೆ ಕಾಯಿದೆಯ ಒಂದು ಮೆಟ್ಟಿಲು ಹತ್ತಬೇಕಾಗಿತ್ತು. ಹೊರಗಿನವನಿಗೆ ಕೆಲಸ ಕೊಡುವ ಮೊದಲು ಆ ಕೆಲಸ ಖಾಲಿಯಿದೆಯೆಂದು ಇಪ್ಪತ್ತೆಂಟು ದಿನ ಎಲ್ಲರಿಗೂ ಕಾಣುವಂತೆ ಸಾರಬೇಕು. ಇಲ್ಲಿ ದುಡಿಯಲು ಆಗಲೇ ಹಕ್ಕಿರುವ ಯಾರಾದರೂ ಬಂದು, ಕೆಲಸವನ್ನು ಮಾಡಬಲ್ಲವರಾಗಿದ್ದರೆ, ಕೆಲಸ ಅವರದು. ಬಂದವರೆಲ್ಲರ ಹೆಸರನ್ನು ಪುಸ್ತಕದಲ್ಲಿ ಬರೆಯಬೇಕು. ಬೇಡವೆಂದರೆ ಯಾಕೆ ಬೇಡವೆಂದೂ ಬರೆಯಬೇಕು. ಯಾರೂ ಬರದಿದ್ದರೆ ಮಾತ್ರ ನನಗೆ. ಅಷ್ಟು ದಿನ ನಾನು ಸಂಬಳವಿಲ್ಲದೆ 'ಪರೀಕ್ಷೆಗೆ' ಅಲ್ಲಿ ಕೂರಬಹುದೆಂದು ಪರವಾನಗಿ ಕಚೇರಿಯವರೇ ಚೀಟಿ ಕೊಟ್ಟಿದ್ದರು. ಯಜಮಾನಮ್ಮನಿಗೆ ಸಣ್ಣ ಅಕ್ಷರ ಕಾಣದ್ದರಿಂದ ಪುಸ್ತಕ ಬರೆಯುವ ಕೆಲಸವೂ ನನಗೇ ಬಂತು.

"ನೋಟೀಸನ್ನ ಮೇಲುಗಡೆ ಅಂಟಿಸಿ ಭಾವ," ಎಂದು ತಂಗಿಯ ಗಂಡ ಹೇಳಿಕೊಟ್ಟರು. "ಒಂಟೆ ಬಂದ್ರೆ ಓದ್ಕೊಳ್ಳಲಿ."

ನಾನು ಹಾಗೆ ಮಾಡಲಿಲ್ಲ. ಸರಿಯಾಗಿ ಕಣ್ಣಿನ ಎತ್ತರಕ್ಕೆ, ಬಾಗಿಲ ಪಕ್ಕದಲ್ಲೇ ಅಂಟಿಸಿದೆ. ಮೂಲೆ ಎದ್ದು ಬಂದಾಗ ಮತ್ತೆ ಅಂಟು ಹಚ್ಚಿದೆ. ಪ್ರತಿ ಸಂಜೆ ಪುಸ್ತಕದಲ್ಲಿ ತಾರೀಕು ಹಾಕಿ, 'ಯಾರೂ ಬರಲಿಲ್ಲ' ಎಂದು ಬರೆದು, ಕೆಳಗೆ ಗೆರೆ ಎಳೆಯುತ್ತಿದ್ದೆ. ಹದಿನಾರು ದಿನ ಹಾಗೆ ಬರೆದದ್ದು ಹದಿನಾರಾಣೆ ನಿಜ.

ಹದಿನೇಳನೆಯ ದಿನ ಯಜಮಾನಮ್ಮ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ನಾನು ಒಂದು ಪ್ಯಾಂಟಿನ ಮೇಲೆ ಬಗ್ಗಿ, "ಎರಡು ಮೇಲೆ, ಒಂದು ಕೆಳಗೆ, ಎರಡು ಮೇಲೆ" ಎಂದು ನೂಲು ಎಣಿಸುತ್ತಿದ್ದೆ. ಬಾಯಲ್ಲಿ ಹೇಳದಿದ್ದರೆ ನನಗೆ ಲೆಕ್ಕ ತಪ್ಪುತ್ತದೆ. ಬಾಗಿಲು ತೆರೆದದ್ದು ಗೊತ್ತಾಗಲಿಲ್ಲ.

"ಅಯ್ಯೋ, ನಮ್ಮವರಾ ನೀವು!"

ಮೂವತ್ತೈದರ ಆಸುಪಾಸಿನ ಹೆಂಗಸು. ಬೂದು ಸ್ವೆಟರು, ಕಾಲಿಗೆ ಒಂದು ಅಳತೆ ದೊಡ್ಡದಾದ ಬೂಟು, ಹೆಗಲಲ್ಲಿ ಬಟ್ಟೆಯ ಚೀಲ. ಮುಖದ ತುಂಬ ನಗು.

"ನೋಟೀಸ್ ನೋಡಿ ಬಂದೆ ಅಣ್ಣ. ಮೂರು ದಿನದಿಂದ ಬಸ್ಸಲ್ಲಿ ಹೋಗ್ತಾ ನೋಡ್ತಾನೇ ಇದ್ದೆ, ಒಳಗೆ ಬರೋಕೆ ಧೈರ್ಯ ಆಗಿರಲಿಲ್ಲ. ಇವತ್ತು ಬಾಗಿಲ ತನಕ ಬಂದು ವಾಪಸ್ ಹೋಗೋಳಿದ್ದೆ. ಎರಡು ಮೇಲೆ ಒಂದು ಕೆಳಗೆ ಅಂದ್ರಲ್ಲ, ಜೀವ ಬಂತು."

"ಯಜಮಾನಮ್ಮ ಇಲ್ಲ," ಎಂದೆ.

"ಕಾಯ್ತೀನಿ ಬಿಡಿ. ಇವತ್ತು ರಜಾ ಹಾಕಿದೀನಿ."

"ಕೆಲಸ ಮಾಡೋಕೆ ಪರವಾನಗಿ ಇದೆಯಾ?" ಕಚೇರಿಯಲ್ಲಿ ನನ್ನನ್ನು ಕೇಳುತ್ತಿದ್ದ ಧ್ವನಿಯಲ್ಲೇ ಕೇಳಿದೆ.

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಪ್ಲಾಸ್ಟಿಕ್ ಕವರಿನಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. "ನಮ್ಮ ಮನೆಯವರಿಗೆ ಇಲ್ಲಿ ಕಾಯಂ ಆಗಿದೆ. ಅವರ ಬಾಲ ಹಿಡ್ಕೊಂಡು ನನಗೂ. ಏನು ಕೆಲಸ ಬೇಕಾದ್ರೂ ಮಾಡಬಹುದಂತೆ. ಡಾಕ್ಟ್ರು ಕೆಲಸ ಒಂದು ಬಿಟ್ಟು!"

ನಾನು ಕಾರ್ಡನ್ನು ಎರಡು ಸಲ ಓದಿದೆ. ತಪ್ಪು ಹುಡುಕುವಂಥದ್ದೇನೂ ಅದರಲ್ಲಿರಲಿಲ್ಲ.

ಅವಳು ಈಗ ಒಂದು ಶೀತಲ ಗೋದಾಮಿನಲ್ಲಿ ಹೆಪ್ಪುಗಟ್ಟಿಸಿದ ತರಕಾರಿಯನ್ನು ಚೀಲಕ್ಕೆ ತುಂಬುತ್ತಿದ್ದಳಂತೆ. ರಫು ಕಲಿತದ್ದು ಸೋದರತ್ತೆಯಿಂದ. "ಬೆರಳು ಮರಗಟ್ಟಿ ಹೋಗುತ್ತೆ ಅಣ್ಣ. ಸಂಜೆ ಮನೆಗೆ ಬಂದು ಸೂಜಿ ಹಿಡಿದ್ರೆ, ಕೈಯಲ್ಲಿದೆಯೋ ಬಿದ್ದೋಯ್ತೋ ಗೊತ್ತಾಗಲ್ಲ. ಇನ್ನೊಂದು ವರ್ಷ ಅಲ್ಲೇ ಇದ್ರೆ ಇದು ಕೈಯಲ್ಲ, ಸೌಟು." ಕೈಯನ್ನು ನನ್ನ ಮುಂದೆ ಚಾಚಿ ತಿರುಗಿಸಿ ತೋರಿಸಿದಳು. "ಸುಮ್ಮನೆ ಕೂರೋಕೆ ಆಗಲ್ಲ ನನಗೆ. ಅವರು ಬರೋ ತನಕ ಏನಾದ್ರೂ ಕೊಡಿ, ಮಾಡ್ತಿರ್ತೀನಿ."

ಆಗ ನಾನು ಮಾಡಿದ್ದನ್ನು ಈಗಲೂ ಸರಿಯಾಗಿ ವಿವರಿಸಲಾರೆ. ಗೂಟದಲ್ಲಿ ಒಂದು ಬೂದು ಉಣ್ಣೆಯ ಕೋಟು ನಾಲ್ಕು ದಿನದಿಂದ ತೂಗುತ್ತಿತ್ತು. ತೋಳಿನ ಮೇಲೆ ಸಿಗರೇಟಿನ ಸುಟ್ಟ ತೂತು, ಕಡಲೆಕಾಳಿನಷ್ಟು. ನೇಯ್ಗೆ ಓರೆಯದು, ನೂಲು ಕೂದಲಿನಷ್ಟು ಸಣ್ಣ. ಅದು ನನ್ನ ಕೈಲಾಗದು ಎಂದು ನನಗೆ ಗೊತ್ತಿತ್ತು. ಇವತ್ತು ನಾಳೆ ಎಂದು ತಳ್ಳುತ್ತಿದ್ದೆ. ಅದನ್ನೇ ಇಳಿಸಿ ಅವಳಿಗೆ ಕೊಟ್ಟೆ. ಅವಳು ಸೋಲಲಿ ಎಂದೇ ಕೊಟ್ಟೆ. ಸೋತರೆ ಪುಸ್ತಕದಲ್ಲಿ ಅವಳ ಹೆಸರು ಬರೆದು, 'ಕೆಲಸ ಬರುವುದಿಲ್ಲ' ಎಂದು ನಿಜವನ್ನೇ ಬರೆಯಬಹುದಲ್ಲ ಎಂದುಕೊಂಡೆ.

"ಒಂದು ಸ್ಟೀಲ್ ಲೋಟ ಇದ್ರೆ ಕೊಡ್ತೀರಾ?"

ನಾನು ಕಾಫಿ ಕುಡಿದ ಲೋಟವನ್ನೇ ತೊಳೆದು ಕೊಟ್ಟೆ. ಅವಳು ಅದನ್ನು ಬೋರಲು ಹಾಕಿ, ತೂತು ಮಧ್ಯಕ್ಕೆ ಬರುವ ಹಾಗೆ ತೋಳನ್ನು ಅದರ ತಳದ ಮೇಲೆ ಬಿಗಿಯಾಗಿ ಎಳೆದು ದಾರ ಸುತ್ತಿದಳು. ಕಪ್ಪಾದ ಅಂಚನ್ನು ಸಣ್ಣ ಕತ್ತರಿಯಲ್ಲಿ ಸವರಿದಳು. ತೂತು ದೊಡ್ಡದಾಯಿತು. ನನಗೆ ಸಮಾಧಾನವಾಯಿತು. ಆಮೇಲೆ ಕೋಟಿನ ಒಳಗಿನ ಹೊಲಿಗೆಯ ಪಕ್ಕದಿಂದ ಒಂದೊಂದೇ ನೂಲನ್ನು ಬಿಡಿಸಿ, ತುಟಿಗಳ ನಡುವೆ ಹಿಡಿದು ಸ್ವಲ್ಪ ತೇವ ಮಾಡಿ, ಸೂಜಿಗೆ ಏರಿಸಿದಳು. ಅವಳು ಎಣಿಸುತ್ತಿರಲಿಲ್ಲ. ನನ್ನ ಹೆಂಡತಿ ಏನು ಮಾಡುತ್ತಾಳೆ, ಮಗಳು ಎಷ್ಟನೇ ಕ್ಲಾಸು ಎಂದು ಕೇಳುತ್ತಲೇ ಕೆಲಸ ಮಾಡುತ್ತಿದ್ದಳು.

"ಬೇಗ ಕರೆಸಿಕೊಳ್ಳಿ ಅಣ್ಣ. ಹೆಣ್ಣುಮಕ್ಕಳು ನೋಡ್ತಾ ನೋಡ್ತಾ ಉದ್ದ ಆಗಿಬಿಡ್ತಾರೆ."

"ನೋಡೋಣ."

ಒಂದೂವರೆ ಗಂಟೆಯ ಮೇಲೆ ಅವಳು ದಾರ ಬಿಚ್ಚಿ, ತೋಳನ್ನು ಕೊಡವಿ, ನನ್ನ ಕೈಗಿತ್ತಳು. ನಾನು ಬೆಳಕಿಗೆ ಹಿಡಿದೆ. ಕನ್ನಡಕ ಒರೆಸಿ ಮತ್ತೆ ಹಿಡಿದೆ. ತೂತು ಎಲ್ಲಿತ್ತೆಂದು ಹುಡುಕಲು ಇನ್ನೊಂದು ತೋಳಿನ ಪಕ್ಕದಲ್ಲಿಟ್ಟು ಅಂದಾಜು ಮಾಡಬೇಕಾಯಿತು.

ಯಜಮಾನಮ್ಮ ಬರಲು ಇನ್ನು ಅರ್ಧ ಗಂಟೆ ಇದ್ದಿರಬಹುದು.

"ನಿಮಗೆ ಹೇಗೆ ಹೇಳೋದು ಅಂತ ಗೊತ್ತಾಗ್ತಿಲ್ಲ," ಎಂದೆ. "ಈ ಕೆಲಸ ಆಗಲೇ ಒಬ್ಬರಿಗೆ ಅಂತ ಆಗಿದೆ. ನೋಟೀಸು ಕಾಯಿದೆಗೋಸ್ಕರ ಹಾಕಿರೋದು, ಅಷ್ಟೇ."

ಅವಳ ಮುಖ ಒಂದು ಕ್ಷಣ ಸಣ್ಣದಾಯಿತು. ನಾನು ಅವಳ ಬೂಟುಗಳನ್ನು ನೋಡಿದೆ.

"ಅಯ್ಯೋ, ಮೊದಲೇ ಹೇಳೋದಲ್ವಾ ಅಣ್ಣ," ಎಂದಳು. ತಕ್ಷಣ ಅವಳೇ ನನ್ನನ್ನು ಸಮಾಧಾನ ಮಾಡಿದಳು: "ಹೋಗಲಿ ಬಿಡಿ, ನಿಮ್ಮದೇನು ತಪ್ಪು? ನೀವೂ ಕೆಲಸದವರೇ ತಾನೇ. ಎಷ್ಟು ದಿನ ಆಗಿತ್ತು ಇಂಥ ಬಟ್ಟೆ ಮುಟ್ಟಿ." ಒಂದು ಚೀಟಿಯಲ್ಲಿ ಫೋನ್ ನಂಬರ್ ಬರೆದಳು. "ಬೇರೆ ಎಲ್ಲಾದ್ರೂ ಇದ್ದ ಹಾಗೆ ಕಂಡ್ರೆ ಒಂದು ಮಾತು ಹೇಳಿ."

ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡು ಹೋದಳು.

ಚೀಟಿಯನ್ನು ನಾನು ಹರಿಯಲಿಲ್ಲ. ಕನ್ನಡಕದ ಡಬ್ಬಿಯಲ್ಲಿ ಮಡಚಿಟ್ಟೆ. ಯಾಕೆ ಇಟ್ಟೆನೋ. ನಾನು ಅಷ್ಟೊಂದು ಕೆಟ್ಟವನಲ್ಲ ಎಂದು ನನಗೇ ತೋರಿಸಿಕೊಳ್ಳಲು ಇರಬಹುದು.

ಯಜಮಾನಮ್ಮ ಬಂದವರೇ ಗೂಟದ ಕೋಟನ್ನು ಮುಟ್ಟಿ, "ಇದನ್ನ ಮುಗಿಸಿದ್ರಾ?" ಎಂದರು. ಕಣ್ಣು ಮುಚ್ಚಿ ತೋಳಿನ ಮೇಲೆ ಬೆರಳು ಎಳೆದರು. ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ. ಬೆರಳು ಎಲ್ಲೂ ನಿಲ್ಲಲಿಲ್ಲ.

"ಮೇಷ್ಟ್ರೇ," ಎಂದರು. "ಈ ಕೈಯನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ?"

ಹೇಳಬಹುದಾಗಿತ್ತು. ಬಾಯಿ ತೆರೆದೆ ಕೂಡ. "ನಿಧಾನವಾಗಿ ಮಾಡಿದೆ," ಎಂಬ ಮಾತು ಬಂತು.

"ಯಾರಾದ್ರೂ ಬಂದಿದ್ರಾ?"

"ಇಲ್ಲಮ್ಮ."

ಸಂಜೆ ತಾರೀಕು ಹಾಕಿ, 'ಯಾರೂ ಬರಲಿಲ್ಲ' ಎಂದು ಬರೆದೆ. ಗೆರೆಯನ್ನು ಅಳತೆಕೋಲು ಇಟ್ಟು ಎಳೆದೆ. ಅಕ್ಷರ ಸ್ವಲ್ಪವೂ ನಡುಗಲಿಲ್ಲ. ನನಗೆ ಹೆಚ್ಚು ನಾಚಿಕೆಯಾಗುವುದು ಆ ದುಂಡಗಿನ ಅಕ್ಷರವನ್ನು ನೆನೆದಾಗ.

ಕೋಟಿನವರು ಮರುದಿನ ಬಂದರು. ಹಳೆಯ ಗಿರಾಕಿ. ತೋಳನ್ನು ಹಿಂದೆ ಮುಂದೆ ತಿರುಗಿಸಿ, ಜೇಬಿನಲ್ಲಿ ಕೈಹಾಕಿ ನೋಡಿ, ಇದು ತನ್ನ ಕೋಟೇ ಅಲ್ಲ, ಬದಲಾಗಿದೆ ಎಂದು ವಾದಕ್ಕಿಳಿದರು. ಒಳಗೆ ಹೊಲಿದಿದ್ದ ಅವರ ಹೆಸರಿನ ಪಟ್ಟಿಯನ್ನು ತೋರಿಸಿದ ಮೇಲೆಯೇ ನಂಬಿದ್ದು. ಯಜಮಾನಮ್ಮನಿಗೆ ಹಿಗ್ಗೋ ಹಿಗ್ಗು. ಇದನ್ನು ಕಚೇರಿಯವರಿಗೆ ತೋರಿಸುತ್ತೇನೆ, ಇಂಥ ಕೈ ಇನ್ನೆಲ್ಲಿ ಸಿಗುತ್ತದೆ ಎಂದು ಕೇಳುತ್ತೇನೆ ಎಂದು ಹೇಳಿ, ಎರಡು ವಾರಕ್ಕೆ ಕೋಟನ್ನು ಇರಿಸಿಕೊಳ್ಳಲು ಒಪ್ಪಿಸಿದರು. ಬೇಸಿಗೆ ಬರುತ್ತಿತ್ತು, ಅವರಿಗೂ ಅದರ ಅವಸರವಿರಲಿಲ್ಲ. ನನ್ನ ಅರ್ಜಿಯಲ್ಲಿ 'ಅಪರೂಪದ ಕೌಶಲ' ಎಂಬ ಮಾತನ್ನು ಯಜಮಾನಮ್ಮ ಹೇಳಿ ಬರೆಸಿದರು. ಬರೆದವನು ನಾನು.

ಉಳಿದ ಹನ್ನೊಂದು ದಿನ ಯಾರೂ ಬರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಸೂಜಿ ಬಿಟ್ಟು ತಲೆಯೆತ್ತಿ ನೋಡುತ್ತಿದ್ದೆ. ಅವಳು ಬಸ್ಸಿನಿಂದ ನೋಟೀಸನ್ನು ಇನ್ನೂ ನೋಡುತ್ತಿರಬಹುದು, ಕಾಯಿದೆಗೋಸ್ಕರ ಹಾಕಿರುವುದು ಎಂದುಕೊಂಡು ಮುಂದೆ ಹೋಗುತ್ತಿರಬಹುದು ಎಂದು ಯೋಚನೆ ಬರುತ್ತಿತ್ತು. ಒಮ್ಮೆ ನೋಟೀಸನ್ನು ಒಂದು ಗೇಣು ಆಚೆ ಸರಿಸೋಣವೆಂದು ಎದ್ದೆ. ಆಮೇಲೆ ಅದು ನಿಯಮಕ್ಕೆ ವಿರುದ್ಧವಾದೀತೆಂದು ಕುಳಿತೆ. ನನ್ನ ಬುದ್ಧಿ ಎಂಥದ್ದು ನೋಡಿ.

ಇಪ್ಪತ್ತೊಂಬತ್ತನೆಯ ದಿನ ಕಚೇರಿಯಿಂದ ಅಧಿಕಾರಿ ಬಂದರು. ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಪುಸ್ತಕವನ್ನು ಮೊದಲಿನಿಂದ ಕೊನೆಯ ತನಕ ಓದಿದರು. ಕೋಟನ್ನು ನೋಡಿದರು. ತೂತು ಎಲ್ಲಿತ್ತೆಂದು ಕೇಳಿದರು. ತೋರಿಸಿದೆ. ಅವರ ಹುಬ್ಬು ಮೇಲೆ ಹೋಯಿತು. ಆಮೇಲೆ ಬಹಳ ಮರ್ಯಾದೆಯಿಂದ, ಇಂಥದ್ದೇ ಒಂದನ್ನು ತಮ್ಮ ಎದುರಿಗೆ ಮಾಡಿ ತೋರಿಸಲಾದೀತೇ ಎಂದು ಕೇಳಿದರು.

"ಅದಕ್ಕೇನು, ಮಾಡ್ತಾರೆ," ಎಂದರು ಯಜಮಾನಮ್ಮ ಜಂಬದಿಂದ. ಕಪಾಟಿನಿಂದ ಅದೇ ಥರದ ಓರೆ ನೇಯ್ಗೆಯ ಪ್ಯಾಂಟೊಂದನ್ನು ಅವರೇ ಆರಿಸಿ ಕೊಟ್ಟರು. ಮೊಣಕಾಲಿನ ಹತ್ತಿರ ಸಣ್ಣ ತೂತು.

ನಾನು ಕೂತೆ. ಲೋಟ ಬೋರಲು ಹಾಕಿ ನೋಡಿದೆ, ಬಟ್ಟೆ ಜಾರಿತು. ಬಟ್ಟೆ ಬಿಗಿದು ಹಿಡಿಯುವ ನನ್ನ ಮರದ ಬಳೆಯನ್ನೇ ತೆಗೆದುಕೊಂಡೆ. ಎರಡು ಮೇಲೆ ಒಂದು ಕೆಳಗೆ ಎಂದು ಬಾಯಲ್ಲಿ ಹೇಳಲು ಹೆದರಿ ಮನಸ್ಸಿನಲ್ಲೇ ಎಣಿಸಿದೆ, ಮೂರು ಸಲ ತಪ್ಪಿತು. ಅಂಗೈ ಬೆವರಿ ಸೂಜಿ ಜಾರುತ್ತಿತ್ತು. ಮುಗಿಯುವಷ್ಟರಲ್ಲಿ ಒಂದು ಗಂಟೆಯ ಮೇಲಾಗಿತ್ತು. ಕೆಟ್ಟದಾಗಿಯೇನೂ ಇರಲಿಲ್ಲ. ದೂರದಿಂದ ನೋಡಿದರೆ ಗೊತ್ತಾಗುತ್ತಿರಲಿಲ್ಲ.

ಅಧಿಕಾರಿ ಪ್ಯಾಂಟನ್ನು ಕಿಟಕಿಯ ಹತ್ತಿರ ಒಯ್ದು ನೋಡಿದರು. ಕೋಟನ್ನೂ ಒಯ್ದರು. ತಮಗೆ ಹೊಲಿಗೆ ತಿಳಿಯದು, ಯಜಮಾನಮ್ಮನವರೇ ಹೇಳಬೇಕು, ಎರಡೂ ಒಬ್ಬರದೇ ಕೆಲಸವೇ ಎಂದು ಕೇಳಿದರು.

ಯಜಮಾನಮ್ಮ ಕಣ್ಣು ಮುಚ್ಚಿ ಪ್ಯಾಂಟಿನ ಮೇಲೆ ಬೆರಳು ಎಳೆದರು. ಬೆರಳು ನಿಂತಿತು. ಸ್ವಲ್ಪ ಮುಂದೆ ಹೋಗಿ ಮತ್ತೆ ನಿಂತಿತು. ಅವರು ಕಣ್ಣು ತೆರೆಯಲಿಲ್ಲ. ಇನ್ನೊಂದು ಕೈ ಚಾಚಿ ಕೋಟಿನ ತೋಳನ್ನು ಹುಡುಕಿ, ಅಲ್ಲೂ ಒಮ್ಮೆ ಎಳೆದರು. ಆ ಹೊತ್ತಿನಲ್ಲಿ ನನ್ನ ಹೆಂಡತಿ, ಮಗಳು ಯಾರೂ ನೆನಪಾಗಲಿಲ್ಲ. ಅವರ ಬೆರಳೊಂದೇ ಕಾಣುತ್ತಿತ್ತು.

"ಒಂದೇ ಕೈ," ಎಂದು ಇಲ್ಲಿಯ ಭಾಷೆಯಲ್ಲಿ ಹೇಳಿದರು.

ಅಧಿಕಾರಿ ಅದನ್ನು ಬರೆದುಕೊಂಡು, ಇಬ್ಬರ ಸಹಿ ಪಡೆದು ಹೊರಟುಹೋದರು.

ಬಾಗಿಲು ಮುಚ್ಚಿದ ಮೇಲೆ ಯಜಮಾನಮ್ಮ ಕುರ್ಚಿಯಲ್ಲಿ ಕೂತು ಕೋಟನ್ನು ತೊಡೆಯ ಮೇಲೆ ಎಳೆದುಕೊಂಡರು.

"ಯಾರದು?"

ಎಲ್ಲವನ್ನೂ ಹೇಳಿದೆ. ತಾರೀಕು, ಗಂಟೆ, ಕಾರ್ಡು, ಲೋಟ, ಗೋದಾಮು. ಹೇಳುತ್ತಾ ಹೇಳುತ್ತಾ ಎರಡು ಕಡೆ ನನಗೆ ಅನುಕೂಲವಾಗುವ ಹಾಗೆ ತಿರುಗಿಸಿದೆನೆಂದು ಗೊತ್ತಾಗಿ, ಹಿಂದಕ್ಕೆ ಹೋಗಿ ಸರಿಯಾಗಿ ಹೇಳಿದೆ. ಸೋಲಲಿ ಎಂದು ಕೋಟು ಕೊಟ್ಟದ್ದನ್ನೂ ಹೇಳಿದೆ.

"ಹೇಳಿದ್ರೆ ನೀವು ಅವರನ್ನೇ ತಗೋಬೇಕಾಗ್ತಿತ್ತು," ಎಂದೆ ಕೊನೆಗೆ.

"ತಗೋತಿದ್ದೆನೋ, ನಿಮ್ಮ ಮುಖ ನೋಡಿ ಏನಾದ್ರೂ ಕಾರಣ ಬರೆಸ್ತಿದ್ದೆನೋ, ನನಗೂ ಗೊತ್ತಿಲ್ಲ ಮೇಷ್ಟ್ರೇ. ಅದನ್ನ ಯೋಚನೆ ಮಾಡೋಕೆ ನೀವು ನನಗೆ ಬಿಡಲೇ ಇಲ್ಲ." ಕೋಟನ್ನು ಮಡಚುತ್ತಾ, "ಈ ಅಂಗಡೀಲಿ ಕೂತು ನಲವತ್ತು ವರ್ಷ. ಈ ಕಚೇರಿಯವರ ಪೈಕಿ ಒಬ್ಬರಿಗೂ ನಾನು ಸುಳ್ಳು ಹೇಳಿರಲಿಲ್ಲ," ಎಂದರು.

"ತಪ್ಪಾಯ್ತಮ್ಮ."

"ನನಗೆ ಯಾಕೆ ಹೇಳ್ತೀರಿ? ಅವಳ ನಂಬರ್ ಇದೆಯಾ?"

"ಇದೆ."

"ಮಾಡಿ ಫೋನು."

ಆಗ ನಾನು ಹೇಳಿದ ಮಾತನ್ನೂ ಬರೆಯಲೇಬೇಕು. "ಕಾಗದ ಒಂದು ಬಂದುಬಿಡಲಿ ಅಮ್ಮ, ಆಮೇಲೆ ಮಾಡ್ತೀನಿ," ಎಂದೆ.

ಅವರು ನನ್ನ ಕಡೆ ತಿರುಗಿದರು. ಆ ಕಣ್ಣಿಗೆ ನಾನು ಎಷ್ಟು ಕಾಣುತ್ತಿದ್ದೆನೋ ತಿಳಿಯದು. "ಬರಲಿ," ಎಂದಷ್ಟೇ ಹೇಳಿದರು.

ಒಂಬತ್ತು ದಿನದ ಮೇಲೆ ಪರವಾನಗಿ ತಂಗಿಯ ಮನೆಗೆ ಬಂತು. ಅವಳು ಲಕೋಟೆಯನ್ನು ಎದೆಗೆ ಒತ್ತಿಕೊಂಡು ಅತ್ತಳು. ಅವಳ ಗಂಡ ನನ್ನ ಎರಡೂ ಕೈ ಹಿಡಿದು ಕುಲುಕಿದರು. "ನಾನು ಗೇಲಿ ಮಾಡ್ತಿದ್ದೆ, ಮನಸ್ಸಲ್ಲಿ ಇಟ್ಕೋಬೇಡಿ ಭಾವ. ನೆಟ್ಟಗಿರೋ ದಾರೀಲೇ ಹೋಗಿ ಗೆದ್ದುಬಿಟ್ರಿ. ಡಿಪೋದಲ್ಲಿ ಎಲ್ಲರಿಗೂ ಹೇಳ್ತೀನಿ ನಿಮ್ಮ ವಿಷಯ."

"ಯಾರಿಗೂ ಹೇಳಬೇಡಿ," ಎಂದೆ.

"ನೋಡ್ದ್ಯಾ ಇವಳೇ, ಎಷ್ಟು ಸಂಕೋಚ!"

ಫೋನಿನಲ್ಲಿ ಮಗಳು, ಇಲ್ಲಿಗೆ ಬಂದರೆ ತನಗೊಂದು ಮೇಜು ಬೇಕು, ಕಿಟಕಿ ಪಕ್ಕದಲ್ಲಿ ಎಂದಳು. ಕೊಡಿಸುತ್ತೇನೆ ಎಂದೆ. ಹೆಂಡತಿ, "ಯಾಕೆ ಧ್ವನಿ ಹಾಗಿದೆ, ಖುಷಿ ಇಲ್ವಾ?" ಎಂದಳು. ಶೀತ ಎಂದೆ.

ಮರುದಿನ ಅಂಗಡಿಗೆ ಹೋದವನೇ ಪರವಾನಗಿಯನ್ನು ಯಜಮಾನಮ್ಮನ ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ. ಫೋನನ್ನು ನನ್ನ ಕಡೆ ತಳ್ಳಿದರು. ಮಧ್ಯಾಹ್ನ ಹನ್ನೆರಡೂವರೆಯ ತನಕ ಕಾದೆ, ಗೋದಾಮಿನಲ್ಲಿ ಆಗ ಊಟದ ಬಿಡುವು ಇರಬಹುದೆಂದು. ಇದೂ ಒಂದು ನೆಪವೇ ಇರಬಹುದು. ಫೋನು ಮೂರನೆಯ ಸಲ ರಿಂಗಾದಾಗ ಎತ್ತಿದಳು. ಲಾಂಡ್ರಿ ಅಂಗಡಿಯಿಂದ ಎಂದೆ.

"ಅಣ್ಣಾ! ನೆನಪಿಟ್ಕೊಂಡಿದ್ದೀರಲ್ಲ! ಎಲ್ಲಾದ್ರೂ ಕೆಲಸ ಇದೆಯಾ?"

ಹಿಂದೆ ಪಾತ್ರೆಗಳ ಸದ್ದು, ಜನರ ಮಾತು. ನಾನು ಬರೆದುಕೊಂಡಿದ್ದ ಮಾತುಗಳನ್ನು ಬಿಟ್ಟು ನೇರವಾಗಿ ಹೇಳಿದೆ: ಅವತ್ತು ಕೆಲಸ ಯಾರಿಗೂ ಆಗಿರಲಿಲ್ಲ. ನಿಮಗೆ ಸಿಗಬೇಕಾಗಿತ್ತು. ಅದು ನನಗೆ ಬೇಕಾಗಿತ್ತು, ಅದಕ್ಕೆ ಸುಳ್ಳು ಹೇಳಿ ಕಳಿಸಿದೆ. ನೀವು ಮಾಡಿದ ಕೋಟನ್ನು ನಾನು ಮಾಡಿದ್ದು ಅಂತ ತೋರಿಸಿದೆ. ಪರವಾನಗಿ ಬಂತು.

ಲೈನು ಕಟ್ಟಾಯಿತೇನೋ ಎಂದು ಫೋನನ್ನು ಕಿವಿಯಿಂದ ತೆಗೆದು ನೋಡಿದೆ.

"ಯಜಮಾನಮ್ಮ ವಾರದಲ್ಲಿ ಎರಡು ದಿನ ನಿಮಗೆ ಕೆಲಸ ಕೊಡ್ತಾರಂತೆ," ಎಂದೆ. ಅದನ್ನು ಅವರು ಹೇಳಿರಲಿಲ್ಲ. ಆ ಗಳಿಗೆಯಲ್ಲಿ ನನ್ನ ಬಾಯಿಗೆ ಬಂದದ್ದು. ಎದುರಿಗೆ ಕೂತಿದ್ದ ಯಜಮಾನಮ್ಮ ತಲೆಯಾಡಿಸಿದರು, ಆಗಬಹುದು ಎಂಬಂತೆ.

"ಬೇಡ," ಎಂದಳು ಅವಳು. ಅಣ್ಣ ಎನ್ನಲಿಲ್ಲ. "ನಿಮ್ಮ ಪಕ್ಕ ಕೂತು ನನಗೆ ಸೂಜಿ ಓಡಲ್ಲ."

"ಸರಿ."

ದೂರದಲ್ಲಿ ಯಾರೋ ಅವಳನ್ನು ಕರೆದರು. ಬಂದೆ ಎಂದು ಅವರಿಗೆ ಹೇಳಿ, ನನ್ನನ್ನು ಕೇಳಿದಳು:

"ಕೋಟಿನೋರು ಏನಂದ್ರು?"

"ಏನು?"

"ಆ ಕೋಟು ಯಾರದ್ದೋ ಅವರು. ನೋಡಿ ಏನಂದ್ರು?"

"ಇದು ನನ್ನ ಕೋಟೇ ಅಲ್ಲ, ಬದಲಾಗಿದೆ ಅಂತ ಜಗಳಕ್ಕೆ ಬಂದ್ರು," ಎಂದೆ. "ಹೆಸರಿನ ಪಟ್ಟಿ ತೋರಿಸಿದ ಮೇಲೆ ನಂಬಿದ್ದು."

ಅವಳು ಉಸಿರು ಬಿಟ್ಟ ಸದ್ದು ಕೇಳಿಸಿತು. ನಗುವೋ ಅಳುವೋ ನನಗೆ ಗೊತ್ತಾಗಲಿಲ್ಲ, ಊಹಿಸುವ ಹಕ್ಕೂ ನನಗಿಲ್ಲ. ಆಮೇಲೆ ಫೋನು ಇಟ್ಟಳು.

"ಏನಂದ್ಲು?" ಎಂದರು ಯಜಮಾನಮ್ಮ.

"ಬರಲ್ವಂತೆ. ಕೋಟಿನೋರು ಏನಂದ್ರು ಅಂತ ಕೇಳಿದ್ರು."

"ಅದನ್ನಾದ್ರೂ ಇದ್ದಹಾಗೆ ಹೇಳಿದ್ರಾ?"

"ಹೇಳಿದೆ," ಎಂದೆ.

ಅವರು ಪರವಾನಗಿಯನ್ನು ಎತ್ತಿ, ಕಣ್ಣಿನ ಹತ್ತಿರ ಹಿಡಿದು, ಓದಲಾಗದೆ ನನಗೇ ವಾಪಸು ಕೊಟ್ಟರು.

"ಓದಿ ಹೇಳಿ ಮೇಷ್ಟ್ರೇ. ಯಾವ ಕೆಲಸಕ್ಕೆ ಅಂತ ಬರೆದಿದ್ದಾರೆ?"

ನಾನು ಓದಿದೆ. 'ಅಪರೂಪದ ಕೌಶಲವುಳ್ಳ' ಎಂಬ ಕಡೆ ನಿಂತೆ. ಅವರು ಕೈ ಕಟ್ಟಿಕೊಂಡು ಕಾದರು, ಪೂರ್ತಿ ಓದಿಸಿಯೇ ಬಿಟ್ಟರು.